ಅಡ್ಡೆ ಹೊತ್ತವರ ಹೆಸರು

ಕಳೆದ ಸೆಪ್ಟೆಂಬರಿನ ಕೊನೆಯ ವಾರದ ಒಂದು ಸಂಜೆ ಪಕ್ಕದ ಮನೆಯ ಹಿರಿಯರು ನಮ್ಮ ಬಾಗಿಲು ತಟ್ಟಿ, ದಪ್ಪನೆಯ ಬಿಳಿ ಕಾಗದದಲ್ಲಿ ಸುತ್ತಿದ ನಾಲ್ಕು ಪೊಟ್ಟಣಗಳನ್ನು ನನ್ನ ಕೈಯಲ್ಲಿಟ್ಟರು. ಪ್ರತಿಯೊಂದರ ಮೇಲೂ ಪ್ರಾಣಿಯ ಹೆಸರು, ಅದು ಯಾವ ಭಾಗದ ಮಾಂಸ, ಕತ್ತರಿಸಿದ ದಿನ ಯಾವುದು ಎಂಬುದನ್ನು ಕಪ್ಪು ಶಾಯಿಯಲ್ಲಿ ದುಂಡಗೆ ಬರೆದಿದ್ದರು. ಪ್ರಾಣಿ ಮೂಸ್. ಜಿಂಕೆಯ ಕುಲದಲ್ಲಿ ಅದಕ್ಕಿಂತ ದೊಡ್ಡದಿಲ್ಲ. ನಮ್ಮ ಕಡವೆ ಅದರ ಪಕ್ಕದಲ್ಲಿ ನಿಂತರೆ ಕರುವಿನಂತೆ ಕಂಡೀತು. ಅಲಾಸ್ಕದ ಪಾಮರ್ ಎಂಬ ಈ ಊರಿಗೆ ನಾವು ಬಂದು ಆರು ವರ್ಷವಾಯಿತು. ಪ್ರತಿ ವರ್ಷವೂ ಅವರಿಂದ ಹೀಗೊಂದು ಪಾಲು ಬರುತ್ತದೆ. ನನ್ನ ಹೆಂಡತಿ ಅದಕ್ಕೆ ಕಾಳುಮೆಣಸು ಅರೆದು ಹಾಕಿ, ಊರಿನಲ್ಲಿ ಹಂದಿ ಮಾಂಸಕ್ಕೆ ಮಾಡುವ ಹಾಗೆಯೇ ಸಾರು ಮಾಡುತ್ತಾಳೆ, ಜೊತೆಗೆ ಕಡುಬು.

ಈ ಸಲ ಅವರು ಪೊಟ್ಟಣ ಕೊಟ್ಟು ಹೊರಟುಹೋಗದೆ ಅಡುಗೆಮನೆಯ ಮೇಜಿನ ಬಳಿ ಕುಳಿತರು. ಒಂಬತ್ತು ವರ್ಷದ ನನ್ನ ಮಗಳು ಶಾಲೆಯ ಪುಸ್ತಕ ಮುಚ್ಚಿಟ್ಟು ಅವರೆದುರು ಬಂದು ಕುಳಿತಳು. ಎಪ್ಪತ್ತು ದಾಟಿದ ಅವರು ಬೇಟೆಯ ಕಥೆಯನ್ನು ಆರಂಭಿಸಿದ್ದು ಸೋಲಿನಿಂದ. ನದಿಯ ದಂಡೆಯಲ್ಲಿ ಗುಡಾರ ಹೂಡಿ ಅಳಿಯನೊಂದಿಗೆ ಐದು ದಿನ ಕಾದದ್ದು, ಎದುರಿನ ಜೌಗಿನಲ್ಲಿ ಒಂದು ದೊಡ್ಡ ಗಂಡು ಮೂಸ್ ಮೇಯುತ್ತಿದ್ದರೂ ಅದರ ಕೊಂಬಿನ ಹರವು ಕಾನೂನು ಕೇಳುವ 50 ಇಂಚು ಇದೆಯೋ ಇಲ್ಲವೋ ಎಂಬುದು ಖಚಿತವಾಗದೆ ಎರಡು ದಿನ ದುರ್ಬೀನಿನಲ್ಲಿ ನೋಡಿ ನೋಡಿ ಕೊನೆಗೆ ಬಿಟ್ಟುಬಿಟ್ಟದ್ದು, ಆರನೆಯ ದಿನದ ಬೆಳಗಿನ ಮಂಜಿನಲ್ಲಿ ಇನ್ನೊಂದು ಬಂದದ್ದು. ಗುಂಡು ಹಾರಿಸಿದ ಸಂಗತಿಗೆ ಅವರು ವ್ಯಯಿಸಿದ್ದು ಒಂದೇ ಒಂದು ವಾಕ್ಯ. ಆಮೇಲಿನ ಮುಕ್ಕಾಲು ಗಂಟೆಯೆಲ್ಲ ಹೊರೆಯ ಕಥೆ.

ಇಲ್ಲಿಯ ಕಾನೂನಿನ ಪ್ರಕಾರ ಮೂಸನ್ನು ಹೊಡೆದವನು ಅದರ ತಿನ್ನಬಹುದಾದ ಮಾಂಸವನ್ನೆಲ್ಲ, ಅಂದರೆ ನಾಲ್ಕು ಕಾಲು, ಬೆನ್ನು, ಪಕ್ಕೆಲುಬು, ಎದೆ, ಕತ್ತಿನ ಮಾಂಸವನ್ನು, ಕಾಡಿನಲ್ಲಿ ಕೊಳೆಯಲು ಬಿಡದೆ ಹೊರಗೆ ತರಲೇಬೇಕು. ಕೊಂಬನ್ನು ಮೊದಲು ಹೊತ್ತು ತರುವಂತಿಲ್ಲ, ಕೊನೆಯ ಹೊರೆ ಮಾಂಸದ ಜೊತೆಗಷ್ಟೇ ಅದು ಬರಬೇಕು. ಒಂದು ಹಿಂಗಾಲೇ 50 ಕಿಲೋಗೂ ಹೆಚ್ಚು ತೂಗುತ್ತದೆ. ಮೊಣಕಾಲುದ್ದ ಹೂತುಕೊಳ್ಳುವ ಪಾಚಿಯ ನೆಲದಲ್ಲಿ, ಬೆನ್ನಿಗೆ ಕಟ್ಟಿದ ಚೌಕಟ್ಟಿನ ಮೇಲೆ ಅದನ್ನು ಹೇರಿಕೊಂಡು, ಇವರೂ ಅಳಿಯನೂ ಎರಡು ದಿನ ಓಡಾಡಿದ್ದರು. ಉಳಿದ ಮಾಂಸವನ್ನು ಬಟ್ಟೆಯ ಚೀಲಗಳಲ್ಲಿ ತುಂಬಿ ಪೊದೆಯ ನೆರಳಿನಲ್ಲಿ ತೂಗುಹಾಕಿ, ಪ್ರತಿ ಸಲ ಹಿಂದಿರುಗುವಾಗಲೂ ಕರಡಿ ಬಂದಿದೆಯೇನೋ ಎಂದು ಕೂಗು ಹಾಕುತ್ತ ನಡೆದಿದ್ದರು. ಎಲ್ಲಿ ಕಾಲು ಜಾರಿತು, ಅಳಿಯ ಎಲ್ಲಿ ಹೊರೆ ಇಳಿಸಿ ಅತ್ತುಬಿಟ್ಟ, ಯಾವ ಮರದ ಬುಡದಲ್ಲಿ ಇಬ್ಬರೂ ಒಂದೇ ಸೇಬನ್ನು ಹಂಚಿಕೊಂಡು ತಿಂದರು ಎಂಬುದನ್ನೆಲ್ಲ ಅವರು ಹೇಳಿದರು. ಅಂಗಿಯ ಕಾಲರನ್ನು ಸ್ವಲ್ಪ ಸರಿಸಿದಾಗ ಭುಜದ ಮೇಲೆ ಪಟ್ಟಿ ಒತ್ತಿದ ಜಾಗ ಇನ್ನೂ ನೇರಳೆ ಬಣ್ಣಕ್ಕಿತ್ತು.

ಅವರು ಹೋದ ಮೇಲೆ ಮಗಳು, ನಮ್ಮ ಮನೆಯ ಬೇಟೆಯ ಕಥೆ ಹೇಳು ಎಂದಳು. ಹೇಳಿದೆ. ನಮ್ಮ ಅಜ್ಜಯ್ಯನ ಕಥೆ, ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಜಗುಲಿಯಲ್ಲಿ ನಾನು ನೂರು ಸಲ ಕೇಳಿದ ಕಥೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಇದು ಅದಕ್ಕೂ ಹತ್ತು ಹನ್ನೆರಡು ವರ್ಷ ಹಿಂದಿನ ಮಾತು. ಬತ್ತದ ಗದ್ದೆಗೆ ನುಗ್ಗುತ್ತಿದ್ದ ಒಂಟಿಗ ಹಂದಿ, ಹಳು ಸೋಯುವವರ, ಅಂದರೆ ಪೊದೆ ಬಡಿದು ಪ್ರಾಣಿಯನ್ನು ಎಬ್ಬಿಸುವವರ ಕೂಗು, ಬಿಲ್ಲಿಗೆ, ಅಂದರೆ ಪ್ರಾಣಿ ಬರುವ ದಾರಿ ಕಾಯುತ್ತ ನಿಂತ ಅಜ್ಜಯ್ಯ, ಕೇಪಿನ ಕೋವಿ, ಮೈಮೇಲೆ ಎರಗುವಷ್ಟು ಹತ್ತಿರ ಬಂದ ಹಂದಿಯ ಕೋರೆ, ಅಡ್ಡ ಬಂದು ಹೊಟ್ಟೆ ಸೀಳಿಸಿಕೊಂಡ ರಾಜ ಎಂಬ ನಾಯಿ, ಒಂದೇ ಈಡು. ನಾನು ಹೇಳಿ ಮುಗಿಸಿದೆ. ನಮ್ಮ ಜಗುಲಿಯಲ್ಲೂ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಅವಳು ಸ್ವಲ್ಪ ಹೊತ್ತು ಕಾದಳು. ಮುಂದಿನದು ಬರಲಿಲ್ಲವಾದ್ದರಿಂದ ಕೇಳಿದಳು: "ಅದನ್ನು ಮನೆಗೆ ಹೊತ್ತು ತಂದವರು ಯಾರಪ್ಪ?"

"ಆಳುಗಳು ಪುಟ್ಟೀ. ನಾಲ್ಕು ಜನ ಉದ್ದನೆಯ ಮರದ ಅಡ್ಡೆಗೆ ಕಟ್ಟಿ ಹೊತ್ತು ತಂದರು."

"ಅವರ ಹೆಸರು?"

ನನಗೆ ಗೊತ್ತಿರಲಿಲ್ಲ. ನಾಯಿಯ ಹೆಸರು ಗೊತ್ತಿತ್ತು. ಕೋವಿಯನ್ನು ಯಾವ ಊರಿನಿಂದ ತಂದದ್ದೆಂದು ಗೊತ್ತಿತ್ತು. ಅವಳು ನನ್ನನ್ನು ಚುಚ್ಚಬೇಕೆಂದು ಕೇಳಿದವಳಲ್ಲ. ಆಗಷ್ಟೇ ಕೇಳಿದ ಕಥೆಯಲ್ಲಿ ಹೊರೆಗೆ ಅಷ್ಟು ಜಾಗವಿದ್ದುದರಿಂದ ಇದರಲ್ಲೂ ಇರಬೇಕೆಂದುಕೊಂಡಿದ್ದಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬೇಟೆಯ, ಕಾಡುಬಾಳಿನ ನಿಜಕಥೆಗಳ ಹುಚ್ಚು ನನಗೆ ಇಂದು ನಿನ್ನೆಯದಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಕಾಡಿನ ಕಥೆಗಳನ್ನು ನಾನು ಹೈಸ್ಕೂಲಿನಲ್ಲಿದ್ದಾಗ ಅಟ್ಟದ ಮೇಲೆ ಅಡಿಕೆ ಮೂಟೆಗಳ ನಡುವೆ ಕುಳಿತು ಓದಿದೆ. ಪುತ್ತೂರಿನ ಕಡೆಯ ಕೆದಂಬಾಡಿ ಜತ್ತಪ್ಪ ರೈಗಳ ಬೇಟೆಯ ನೆನಪುಗಳನ್ನು ಅಪ್ಪಯ್ಯನೇ ತಂದುಕೊಟ್ಟಿದ್ದರು. ಇವು ಕಟ್ಟುಕಥೆಗಿಂತ ಹೆಚ್ಚು ಹಿಡಿಸುವುದೇಕೆ ಎಂದು ಇಲ್ಲಿಗೆ ಬಂದ ಮೇಲೆ ಹಲವು ಸಲ ಯೋಚಿಸಿದ್ದೇನೆ. ಕಟ್ಟುಕಥೆಯ ಹುಲಿ ಲೇಖಕ ಕರೆದಾಗ ಬರುತ್ತದೆ. ನಿಜಕಥೆಯಲ್ಲಿ ಮಚಾನಿನ ಮೇಲೆ ನಾಲ್ಕು ರಾತ್ರಿ ಸೊಳ್ಳೆ ಕಚ್ಚಿಸಿಕೊಂಡು ಕುಳಿತರೂ ಅದು ಬಾರದೆ ಹೋಗಬಹುದು. ಆ ಬಾರದ ಹುಲಿಯ ನಾಲ್ಕು ರಾತ್ರಿಗಳನ್ನು ಓದಿದ ನಂತರವೇ ಐದನೆಯ ರಾತ್ರಿಯ ಸದ್ದಿಗೆ ನಮ್ಮ ಮೈ ನಡುಗುವುದು. ಆಂಡರ್ಸನ್ನರಲ್ಲಿ ಇನ್ನೂ ಒಂದು ಗುಣವಿದೆ. ತಮಗೆ ಕಾಡನ್ನು ಓದಲು ಕಲಿಸಿದ ಪೂಜಾರಿ ಬುಡಕಟ್ಟಿನ ಬೈರನ ಹೆಸರನ್ನು ಅವರು ಮರೆಸಲಿಲ್ಲ. ಅವನು ಹೊಳೆಯ ದಂಡೆಯ ಬಿಲದಂಥ ಮನೆಯಲ್ಲಿ ಹೇಗೆ ಬದುಕುತ್ತಿದ್ದ ಎಂಬುದನ್ನೂ ಬರೆದರು. ಹುಡುಗನಾಗಿದ್ದಾಗ ನಾನು ಆ ಪುಟಗಳನ್ನು ಬೇಗ ಬೇಗ ಮಗುಚಿ ಹುಲಿಯ ಕಡೆಗೆ ಓಡುತ್ತಿದ್ದೆ.

ಈ ಸೀಮೆಯ ಕಾಡುಬಾಳಿನ ಕಥೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಡಿಕ್ ಪ್ರೆನಕಿಯವರದು. ಅಯೋವಾದಲ್ಲಿ 1916ರಲ್ಲಿ ಹುಟ್ಟಿ, ಡೀಸೆಲ್ ಮೆಕ್ಯಾನಿಕ್ ಆಗಿ ದುಡಿದ ಈ ಮನುಷ್ಯ 1968ರಲ್ಲಿ, 52ನೆಯ ವಯಸ್ಸಿನಲ್ಲಿ, ಅಲಾಸ್ಕದ ಟ್ವಿನ್ ಲೇಕ್ಸ್ ಎಂಬ ಸರೋವರಗಳ ದಡಕ್ಕೆ ಹೋಗಿ ಒಬ್ಬರೇ ಮರದ ಮನೆ ಕಟ್ಟಿಕೊಂಡು, ಹೆಚ್ಚು ಕಡಿಮೆ ಮೂವತ್ತು ವರ್ಷ ಅಲ್ಲಿ ಬಾಳಿದರು. ಕೊಡಲಿ, ಉಳಿ, ಗರಗಸಗಳಲ್ಲಿ ಹಲವಕ್ಕೆ ಹಿಡಿಯನ್ನು ಅಲ್ಲಿಯ ಮರದಿಂದಲೇ ಕೆತ್ತಿಕೊಂಡರು. ಬಾಗಿಲಿನ ತಿರುಗಣೆಯೂ ಮರದ್ದೇ. ಪೆಟ್ರೋಲ್ ಡಬ್ಬಗಳ ತಗಡು ಕತ್ತರಿಸಿ ಪಾತ್ರೆ ಮಾಡಿಕೊಂಡರು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ತಮ್ಮ ಕೆಲಸವನ್ನು ತಾವೇ ಚಿತ್ರಿಸಿದ್ದಾರೆ. ಅದರಲ್ಲಿ ಅವರು ಬೆನ್ನು ತೋರಿಸಿ ದೂರ ನಡೆದುಹೋಗುವ ನೋಟಗಳು ಬಂದಾಗಲೆಲ್ಲ, ಆ ಕ್ಯಾಮೆರಾವನ್ನು ಎತ್ತಿಕೊಳ್ಳಲು ಇವರೇ ಮತ್ತೆ ಅಷ್ಟೂ ದೂರ ಹಿಂದಿರುಗಿ ಬಂದಿರಬೇಕಲ್ಲ ಎಂದು ನನ್ನ ಮನಸ್ಸು ಅವರ ಜೊತೆಯಲ್ಲೇ ಹೋಗಿ ಬರುತ್ತದೆ. ಅಷ್ಟು ಏಕಾಂತದ ಈ ದಿನಚರಿಯಲ್ಲೂ, ಹಿಟ್ಟು, ಬೀನ್ಸ್ ಕಾಳು, ಕಾಗದಪತ್ರಗಳನ್ನು ಪುಟ್ಟ ವಿಮಾನದಲ್ಲಿ ಹೊತ್ತು ತರುತ್ತಿದ್ದ ಬೇಬ್ ಆಲ್ಸ್‌ವರ್ತ್ ಎಂಬವರ ಹೆಸರು ಮತ್ತೆ ಮತ್ತೆ ಬರುತ್ತದೆ. ಒಂಟಿಯಾಗಿ ಬಾಳಿದವರ ಬರಹದಲ್ಲೂ ಹೊತ್ತು ತಂದವರಿಗೆ ಹೆಸರಿದೆ.

ಎಲ್ಲ ಕಥೆಗಳೂ ಹಾಗಿಲ್ಲ ಎಂಬುದನ್ನೂ ಹೇಳಬೇಕು. ಪ್ರೆನಕಿಯವರ ಮನೆಯಿರುವ ಆ ಪ್ರದೇಶದಲ್ಲಿ ದೆನೈನಾ ಎಂಬ ಮೂಲನಿವಾಸಿ ಜನ ತಲೆಮಾರುಗಳಿಂದ ಬೇಟೆಯಾಡಿ, ಮೀನು ಹಿಡಿದು ಬದುಕಿದವರು. ಟೆಲಕ್ವಾನಾ ಸರೋವರದಿಂದ ಕಿಜಿಕ್ ಎಂಬ ಹಳ್ಳಿಗೆ ಅವರು ತುಳಿದ ಕಾಲುದಾರಿ ಇಂದಿಗೂ ಗುರುತಾಗಿ ಉಳಿದಿದೆ. ಆದರೂ ಅಲಾಸ್ಕದ ಕಥೆಯೆಂದರೆ ಯಾರೂ ಕಾಲಿಡದ ನೆಲದ ಕಥೆ ಎಂದೇ ಎಷ್ಟೋ ಜನ ಓದುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ ಯಾರ್ಕ್ ಎಂಬವನ ಕಥೆಯಿದೆ. 1804ರಿಂದ 1806ರವರೆಗೆ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಇಬ್ಬರು ಸೇನಾಧಿಕಾರಿಗಳ ತಂಡ ಮಿಸೌರಿ ನದಿಯ ದಾರಿಯಲ್ಲಿ ಪೆಸಿಫಿಕ್ ಸಾಗರದವರೆಗೆ ಹೋಗಿ ಬಂದಾಗ, ಕ್ಲಾರ್ಕನ ಗುಲಾಮನಾಗಿದ್ದ ಯಾರ್ಕ್ ಕೂಡ ಅಷ್ಟೂ ದಾರಿ ನಡೆದ, ಬಂದೂಕು ಹಿಡಿದು ತಂಡಕ್ಕಾಗಿ ಬೇಟೆಯಾಡಿದ. ಹಿಂದಿರುಗಿದ ಸಿಪಾಯಿಗಳಿಗೆ ಎರಡು ಪಟ್ಟು ಸಂಬಳವೂ ತಲೆಗೆ 320 ಎಕರೆ ಭೂಮಿಯೂ ಸಿಕ್ಕಿತು. ಯಾರ್ಕನಿಗೆ ಏನೂ ಸಿಗಲಿಲ್ಲ, ಬಿಡುಗಡೆಯೂ ಆಗ ಸಿಗಲಿಲ್ಲ. ಆದರೆ ತಂಡದ ದಿನಚರಿಗಳಲ್ಲಿ ಅವನ ಹೆಸರಿದೆ. ಹಾಗಾಗಿಯೇ ಇನ್ನೂರು ವರ್ಷ ಕಳೆದ ಮೇಲೂ ಅವನಿಗೆ ಅನ್ಯಾಯವಾಯಿತೆಂದು ನಾವು ಮಾತನಾಡಲು ಸಾಧ್ಯವಾಗಿದೆ. ನಮ್ಮ ಮಲೆನಾಡಿನ ಜಗುಲಿಗಳಲ್ಲಿ ಯಾರೂ ದಿನಚರಿ ಬರೆಯಲಿಲ್ಲ. ಹೇಳುವವರು ಬಿಲ್ಲಿಗೆ ನಿಂತವರೇ, ಕೇಳುವವರು ಅವರ ಮಕ್ಕಳು ಮೊಮ್ಮಕ್ಕಳು. ಹಳುವಿಗೆ ಹೋದವರು ಅಂಗಳದಾಚೆಗೆ ನಿಂತು ತಮ್ಮ ಪಾಲಿನ ಮಾಂಸವನ್ನು ಬಾಳೆಯೆಲೆಯಲ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅವರ ಮನೆಗಳಲ್ಲಿ ಈ ಕಥೆಯನ್ನು ಹೇಗೆ ಹೇಳುತ್ತಿದ್ದರೋ ನಾನು ಒಂದು ದಿನವೂ ಕೇಳಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ, ನನ್ನ ಅಜ್ಜಯ್ಯನ ಮೇಲಿನ ಪ್ರೀತಿ ಕಡಿಮೆಯಾಗದೆಯೇ ನಾಚಿಕೆಯಾಗುತ್ತಿದೆ.

ಭಾನುವಾರ ಊರಿಗೆ ಫೋನು ಮಾಡಿ ಅತ್ತೆಯನ್ನು ಕೇಳಿದೆ. ಆ ಬೇಟೆಯ ದಿನ ಅವರಿಗೆ ಹತ್ತು ವರ್ಷ.

"ಹಂದಿ ಹೊತ್ತವರಾ? ಹಳುವಿಗೆ ಬರೋ ಜನ ಮಾರಾಯ, ಅವರ ಹೆಸರು ಈಗ ಯಾರಿಗೆ ನೆನಪಿರುತ್ತೆ? ನಾಯಿ ಹೆಸರು ರಾಜ, ಅದು ಗೊತ್ತಲ್ಲ ನಿಂಗೆ."

"ನಾಯಿದು ಗೊತ್ತು ಅತ್ತೆ."

ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಫೋನು ಕಡಿಯಿತೇನೋ ಎಂದುಕೊಂಡೆ. ಆಮೇಲೆ ಅತ್ತೆ, ವಿಚಾರಿಸಿ ಹೇಳ್ತೀನಿ ಎಂದು ಇಟ್ಟರು.

ಹತ್ತು ದಿನ ಬಿಟ್ಟು ಅವರೇ ಫೋನು ಮಾಡಿದರು. ಗದ್ದೆಯಾಚೆಯ ಕೇರಿಗೆ ತಾವೇ ನಡೆದುಹೋಗಿ, ಅಲ್ಲಿಯ ಒಬ್ಬ ವೃದ್ಧೆಯನ್ನು ಮಾತನಾಡಿಸಿ ಬಂದಿದ್ದರು. ಎಪ್ಪತ್ತು ಮೀರಿದ ಅತ್ತೆ ಆ ಕೇರಿಯೊಳಗೆ ಕಾಲಿಟ್ಟದ್ದು ಅದೇ ಮೊದಲಂತೆ. ನಾಲ್ವರಲ್ಲಿ ಮೂವರ ಹೆಸರು ಸಿಕ್ಕಿತು. ಅವರ ಮೊಮ್ಮಕ್ಕಳನ್ನು ಕೇಳದೆ ಅವನ್ನು ಇಲ್ಲಿ ಬರೆಯುವುದು ಸರಿಯಲ್ಲವೆಂದು ಬರೆಯುತ್ತಿಲ್ಲ. ಮಗಳಿಗೆ ಹೇಳಿದ್ದೇನೆ, ಅವಳು ತನ್ನ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದುಕೊಂಡಿದ್ದಾಳೆ. ಅಡ್ಡೆಯ ಮುಂದಿನ ತುದಿಯಲ್ಲಿದ್ದವರು ಆ ವೃದ್ಧೆಯ ಗಂಡ. ಹಂದಿಯ ಭಾರಕ್ಕೆ ಅಡ್ಡೆ ಬಾಗಿ, ಹಳ್ಳ ದಾಟುವಾಗ ಹಿಂದಿನವರ ಕಾಲು ಜಾರಿ, ಇಡೀ ಹೊರೆ ಇವರ ಎಡಭುಜದ ಮೇಲೆ ಬಿತ್ತಂತೆ. ಆ ಕೈಯನ್ನು ತಲೆಯವರೆಗೆ ಎತ್ತಲು ಮುಂದೆ ಅವರಿಗೆ ಆಗಲೇ ಇಲ್ಲ.

ಈಗ ಮಗಳು ಆ ಕಥೆ ಕೇಳಿದಾಗ ನಾನು ಈಡಿನ ಸದ್ದಿನ ಬಳಿ ನಿಲ್ಲಿಸುವುದಿಲ್ಲ. ಕಾಲು ಕಟ್ಟಿದ ಬಳ್ಳಿ, ಅಡ್ಡೆ, ಹಳ್ಳದವರೆಗಿನ ಇಳಿಜಾರು ಎಲ್ಲವೂ ಬರುತ್ತವೆ. ಮೊನ್ನೆ ಹಳ್ಳದ ಬಳಿ ಬಂದಾಗ ಅವಳು ನನ್ನನ್ನು ತಡೆದು, ಹೊರೆ ಬಿದ್ದ ಮೇಲೆ ಅವರು ಎಷ್ಟು ಹೊತ್ತು ಅಲ್ಲಿ ಕುಳಿತಿದ್ದರು, ಯಾರಾದರೂ ನೀರು ಕೊಟ್ಟರಾ ಎಂದು ಕೇಳಿದಳು. ಅತ್ತೆಯನ್ನು ಮತ್ತೆ ಕೇಳಬೇಕು. ಆ ವೃದ್ಧೆಗೆ ಈಗ ಎಂಬತ್ತೆಂಟು.