80 ಎಸೆತ ಕಡಿಮೆ, 353 ಗಜ ಹೆಚ್ಚು

ಅಮೆರಿಕನ್ ಫುಟ್‌ಬಾಲ್ ಲೀಗಿನ ಅಟ್ಲಾಂಟಾ ಫಾಲ್ಕನ್ಸ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವನು, ಆಗಿದ್ದ ಮ್ಯಾಟ್ ರಯಾನ್‌ನ ಎರಡು ವರ್ಷದ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. 2015ರಲ್ಲಿ 614 ಎಸೆತ, 4,591 ಗಜ, 21 ಟಚ್‌ಡೌನ್ (ಕೊನೆಯ ಗೆರೆಯಾಚೆ ಮುಟ್ಟಿ ಅಂಕ ತಂದ ಎಸೆತ), 16 ಇಂಟರ್‌ಸೆಪ್ಷನ್ (ಎದುರಾಳಿಯ ಕೈ ಸೇರಿದ ಎಸೆತ). 2016ರಲ್ಲಿ 534 ಎಸೆತ, 4,944 ಗಜ, 38 ಟಚ್‌ಡೌನ್, 7 ಇಂಟರ್‌ಸೆಪ್ಷನ್. ಕೋಚ್ ಬದಲಾಗಿರಲಿಲ್ಲ, ಪದ್ಧತಿ ಬದಲಾಗಿರಲಿಲ್ಲ. ಆಗ ಅವನಿಗೆ 31 ವರ್ಷ, ಲೀಗಿನಲ್ಲಿ ಒಂಬತ್ತನೇ ಹಂಗಾಮು. ಆ ವರ್ಷ ಲೀಗಿನ ಅತ್ಯುತ್ತಮ ಆಟಗಾರ ಅಂತ ಅವನನ್ನೇ ಆರಿಸಿದರು.

ಅಲ್ಲಿ ಭಾನುವಾರ ಮಧ್ಯಾಹ್ನ ಒಂದಕ್ಕೆ ಶುರುವಾಗುವ ಆಟ ಕಲಬುರಗಿಯಲ್ಲಿ ರಾತ್ರಿ ಹತ್ತೂವರೆಗೆ ಬರುತ್ತದೆ. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಿಟ್ಟ ಮೇಲೆ ಹನ್ನೊಂದೂವರೆಗೆ. ನಿದ್ದೆಗೆಟ್ಟು ನೋಡುವ ಕಬಡ್ಡಿ ಹುಡುಗರು ಕೇಳುವುದು ಒಂದೇ ಪ್ರಶ್ನೆ: ‘ವಯಸ್ಸಾದ ಮ್ಯಾಲೆ ತೋಳಿಗೆ ಬಲ ಎಲ್ಲಿಂದ ಬಂತು?’ ತೋಳು ಮೊದಲಿನ ತೋಳೇ. ಎದುರಿನವರ ಕಾಲು ತಪ್ಪು ದಿಕ್ಕಿಗೆ ಹೋದ ಮೇಲೆ ಎಸೆಯುವುದನ್ನು ಅವನು ಕಲಿತ.

2015ರಲ್ಲಿ ಆಕ್ರಮಣದ ಹೊಣೆ ಹೊತ್ತ ಕೋಚ್ ಆಗಿ ಬಂದವರು ಕೈಲ್ ಶನಹಾನ್. ಅವರ ಪದ್ಧತಿಯ ತಳಪಾಯ ಔಟ್‌ಸೈಡ್ ಝೋನ್ ಎಂಬ ಓಟ. ಚೆಂಡು ಹಿಂದಕ್ಕೆ ಬರುತ್ತಿದ್ದಂತೆ ಮುಂದಿನ ಸಾಲಿನ ಐವರೂ ಲೈನ್‌ಮನ್‌ಗಳು ಒಂದೇ ಬದಿಗೆ ಅಡ್ಡ ಹೆಜ್ಜೆ ಇಡುತ್ತಾರೆ, ಕೂರಿಗೆಯ ತಾಳುಗಳ ಹಾಗೆ. ಒಂದು ತಾಳು ಹಿಂದೆ ಬಿದ್ದರೂ ಸಾಲು ಸೊಟ್ಟ. ಓಟಗಾರ ಅದೇ ಬದಿಗೆ ಓಡುತ್ತ ಸಂದಿ ಹುಡುಕಿ, ಒಂದೇ ಒಂದು ಸಲ ತಿರುಗಿ ನುಗ್ಗುತ್ತಾನೆ. ಎರಡು ಸಲ ತಿರುಗಿದನೋ, ಹಿಂದಿನಿಂದ ಬಂದವರು ಹಿಡಿದರು ಅಂತಲೇ.

ಈ ಓಟವನ್ನು ಹತ್ತು ಸಲ ಕಂಡ ಎದುರಾಳಿ ಲೈನ್‌ಬ್ಯಾಕರ್‌ಗಳು, ಅಂದರೆ ಮುಂದಿನ ಸಾಲಿನ ಬೆನ್ನಿಗೆ ನಿಲ್ಲುವ ರಕ್ಷಕರು, ಹನ್ನೊಂದನೇ ಸಲ ಲೈನ್‌ಮನ್‌ಗಳ ಹೆಜ್ಜೆ ಕಂಡೊಡನೆ ಆ ಬದಿಗೆ ಓಡುತ್ತಾರೆ. ಅಲ್ಲೇ ಎಸೆತದ ಆಟ ತೆರೆಯುತ್ತದೆ. ಲೈನ್‌ಮನ್‌ಗಳ ಹೆಜ್ಜೆ ಅದೇ, ಓಟಗಾರನ ದಾರಿಯೂ ಅದೇ. ಕ್ವಾರ್ಟರ್‌ಬ್ಯಾಕ್ ಚೆಂಡು ಕೊಟ್ಟ ಹಾಗೆ ಕೈ ಚಾಚಿ, ಕೊಡದೆ ಸೊಂಟಕ್ಕೆ ಒತ್ತಿಕೊಂಡು ಎದುರು ಬದಿಗೆ ಹೊರಳುತ್ತಾನೆ. ಇದಕ್ಕೆ ಬೂಟ್‌ಲೆಗ್ ಎನ್ನುತ್ತಾರೆ. ಆ ಬದಿಯಲ್ಲಿ ಅವನ ಕಣ್ಣೆದುರೇ ಮೂರು ಅಂತಸ್ತಿನಲ್ಲಿ ಸಹ ಆಟಗಾರರು ಓಡುತ್ತಿರುತ್ತಾರೆ: ಒಬ್ಬ ನಾಲ್ಕೈದು ಗಜದಲ್ಲಿ, ಇನ್ನೊಬ್ಬ ಹದಿನೈದರ ಆಸುಪಾಸು ಅಡ್ಡ ಹಾಯುತ್ತ, ಮತ್ತೊಬ್ಬ ಆಳಕ್ಕೆ. ಇಡೀ 53 ಗಜ ಅಗಲದ ಮೈದಾನ ಜಾಲಾಡುವ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಕಬಡ್ಡಿ ಬಲ್ಲವರಿಗೆ ಇದು ಹೊಸದಲ್ಲ. ಬೋನಸ್‌ಗೆ ಕಾಲು ಚಾಚುವ ರೈಡರ್ ಒಳಗೆ ಇಳಿಯುವ ರೀತಿಯೂ, ಕಾರ್ನರ್‌ನವನನ್ನು ಮುಂದಕ್ಕೆಳೆದು ಒದೆಯುವ ರೈಡರ್ ಇಳಿಯುವ ರೀತಿಯೂ ಒಂದೇ ಇರಬೇಕು. ಬೇರೆಯಾದರೆ ಕಾರ್ನರ್‌ನವನು ಕದಲುವುದೇ ಇಲ್ಲ. ವ್ಯತ್ಯಾಸ ಹೊತ್ತಿನದು. ರೈಡರ್‌ಗೆ 30 ಸೆಕೆಂಡ್ ಇದೆ, ಕ್ವಾರ್ಟರ್‌ಬ್ಯಾಕ್‌ಗೆ ಎರಡೂವರೆ ಸೆಕೆಂಡ್ ಸಿಕ್ಕರೆ ಪುಣ್ಯ.

ಹಾಗಾದರೆ ಮೊದಲ ವರ್ಷ ಯಾಕೆ ಕೆಟ್ಟಿತು? ಐದಕ್ಕೆ ಐದು ಗೆದ್ದು ಶುರು ಮಾಡಿದ ತಂಡ 2015ನ್ನು 8 ಗೆಲುವು, 8 ಸೋಲಿನಲ್ಲಿ ಮುಗಿಸಿತು. ಹಳೆಯ ಕ್ವಾರ್ಟರ್‌ಬ್ಯಾಕ್‌ಗೆ ಈ ಪದ್ಧತಿಯಲ್ಲಿ ಅತಿ ಕಷ್ಟದ ತುಣುಕೆಂದರೆ ಎದುರಾಳಿಗೆ ಬೆನ್ನು ತಿರುಗಿಸುವುದು. ಐದಾರು ಗಜ ಹಿಂದೆ ನಿಂತು ಎಲ್ಲರನ್ನೂ ಕಣ್ಣೆದುರು ಇಟ್ಟುಕೊಂಡೇ ಆಡಿದವನಿಗೆ ಸುಮಾರು ಒಂದು ಸೆಕೆಂಡು ಕುರುಡನಾಗು ಅಂದಂತೆ ಅದು. ತಿರುಗಿ ನೋಡುವಷ್ಟರಲ್ಲಿ ಎದುರಾಳಿಯ ಕಟ್ಟಕಡೆಗೆ ಕಾವಲು ನಿಲ್ಲುವ ಇಬ್ಬರು ಸೇಫ್ಟಿಗಳು ಜಾಗ ಬದಲಿಸಿರುತ್ತಾರೆ. ಎರಡನೆಯದು ಕಾಲಿನ ಲೆಕ್ಕ. ಇಲ್ಲಿ ಪ್ರತಿ ಹೆಜ್ಜೆಗೂ ಒಬ್ಬ ಆಟಗಾರ ಗಂಟುಬಿದ್ದಿದ್ದಾನೆ. ಐದನೇ ಹೆಜ್ಜೆ ಊರಿದಾಗ ಮೊದಲನೆಯವನು, ಒಂದು ಸಣ್ಣ ಜಿಗಿತದ ನಂತರ ಎರಡನೆಯವನು, ಮತ್ತೊಂದು ಜಿಗಿತಕ್ಕೆ ಹತ್ತಿರದ ಸುಲಭದ ಎಸೆತ. ಅಷ್ಟೇ. ಮೊದಲನೆಯವನು ಬಿಡುವಾಗುತ್ತಾನೇನೋ ಅಂತ ಇನ್ನೊಂದು ಕ್ಷಣ ಕಾದರೆ ಎರಡನೆಯವನ ಹೊತ್ತೂ ಮೀರುತ್ತದೆ, ತಡವಾದ ಚೆಂಡು ಎದುರಾಳಿಯ ಕೈ ಸೇರುತ್ತದೆ. ಏಳು ವರ್ಷದ ಕಾಲಿನ ಅಭ್ಯಾಸ ಒಂದು ಬೇಸಿಗೆಯ ತಾಲೀಮಿನಲ್ಲಿ ಹೋಗುವುದಿಲ್ಲ. ಮೊದಲ ವರ್ಷದ ಅಂಕಿ ನೋಡಿ ‘ಇವನ ಕಥೆ ಮುಗಿಯಿತು’ ಅಂದವರು ಈ ಒಂದು ಸಂಗತಿಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನನಗಿದು ಬಹಳ ಅನ್ಯಾಯದ ಮಾತಾಗಿ ಕಾಣುತ್ತದೆ.

2016ಕ್ಕೆ ಇನ್ನೂ ಒಂದು ಬದಲಾವಣೆ ಆಯಿತು. ಸಾಲಿನ ನಡುವಿನ ಸೆಂಟರ್ ಜಾಗಕ್ಕೆ ಅಲೆಕ್ಸ್ ಮ್ಯಾಕ್ ಬಂದ. 2014ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಶನಹಾನ್ ಅವರ ಕೈಕೆಳಗೇ ಆಡಿದವನು, ಅಡ್ಡ ಹೆಜ್ಜೆಯ ಗುಟ್ಟು ಮೊದಲೇ ಗೊತ್ತಿದ್ದವನು. ಚೆಂಡು ಹಿಂದಕ್ಕೆ ಕೊಟ್ಟ ಕೂಡಲೇ ಪಕ್ಕದವನನ್ನು ದಾಟಿ ಅಡ್ಡಗಟ್ಟುವ ಸೆಂಟರ್ ಇಲ್ಲದಿದ್ದರೆ ಈ ಓಟವೇ ಸಾಗುವುದಿಲ್ಲ. ಅಕ್ಟೋಬರ್ 2ರಂದು ಕೆರೊಲಿನಾ ವಿರುದ್ಧ ರಯಾನ್ 503 ಗಜ ಎಸೆದ; ಅದರಲ್ಲಿ 300 ಗಜ ಎಸೆತ ಹಿಡಿಯುವ ಹೂಲಿಯೊ ಜೋನ್ಸ್ ಒಬ್ಬನದೇ. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಸಂಗತಿ ಬೇರೆ: ಆ ಹಂಗಾಮಿನಲ್ಲಿ ಅವನ ಟಚ್‌ಡೌನ್ ಎಸೆತ ಹಿಡಿದವರು 13 ಮಂದಿ. ಮೆಚ್ಚಿನವನನ್ನೇ ಹುಡುಕುತ್ತ ಕೂರದೆ, ಕಾಲು ಹೇಳಿದ ಕಡೆಗೆ ಕೈ ಎಸೆಯಿತು.

ಈ ಪದ್ಧತಿ ಮುರಿಯುವ ಜಾಗವೂ ಗೊತ್ತಿರಬೇಕು. ಬೂಟ್‌ಲೆಗ್‌ನಲ್ಲಿ ಹೊರಳುವ ಬದಿಯ ಕೊನೆಯ ಡಿಫೆಂಡರನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ, ಅವನು ಓಟಗಾರನ ಬೆನ್ನು ಹತ್ತಿ ಹೋಗುತ್ತಾನೆಂಬ ನಂಬಿಕೆ. ಅವನು ಹೋಗದೆ ನಿಂತರೆ, ಕ್ವಾರ್ಟರ್‌ಬ್ಯಾಕ್ ತಿರುಗಿದೊಡನೆ ಎದೆಗೆ ಎದೆ. ಆಗ ಇರುವುದು ಎರಡೇ ದಾರಿ: ಹತ್ತಿರದವನಿಗೆ ತಕ್ಷಣ ಕೊಡುವುದು, ಇಲ್ಲವೇ ಚೆಂಡನ್ನು ಹೊರಗೆಸೆಯುವುದು. ಇನ್ನು ಚೆಂಡಿಲ್ಲದ ಓಟಗಾರ. ನಟನೆ ಮುಗಿಯಿತೆಂದು ಅವನು ಸುಮ್ಮನಾಗುವಂತಿಲ್ಲ, ನುಗ್ಗಿ ಬರುವವನನ್ನು ತಡೆಯಬೇಕು. 2017ರ ಫೆಬ್ರವರಿ 5ರ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗಿನ ಫೈನಲ್‌ನಲ್ಲಿ, ಓಟಗಾರನ ಕೆಲಸದ ಈ ಭಾಗವೇ ಕೈಕೊಟ್ಟಿತು. 28–12ರ ಮುನ್ನಡೆ, ಎಂಟೂವರೆ ನಿಮಿಷ ಬಾಕಿ, ಮೂರನೇ ಯತ್ನದಲ್ಲಿ ಬೇಕಿದ್ದದ್ದು ಒಂದೇ ಗಜ. ಓಡುವ ಬದಲು ಎಸೆಯಲು ಹೋದರು. ನುಗ್ಗಿದ ನ್ಯೂ ಇಂಗ್ಲೆಂಡ್ ತಂಡದ ಹೈಟವರ್‌ನನ್ನು ಓಟಗಾರ ತಡೆಯಲಿಲ್ಲ, ಚೆಂಡು ರಯಾನ್‌ನ ಕೈಜಾರಿತು. ಕೊನೆಗೆ 34–28ರ ಸೋಲು. ಇವತ್ತಿಗೂ ಆ ಆಟದ ನಾಲ್ಕನೇ ಕ್ವಾರ್ಟರ್ ನೋಡಲು ಮನಸ್ಸಾಗುವುದಿಲ್ಲ.

ಶನಹಾನ್ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರು. 2017ರಲ್ಲಿ ರಯಾನ್‌ನ ಟಚ್‌ಡೌನ್ 20ಕ್ಕಿಳಿಯಿತು. 2018ರಲ್ಲಿ ಮತ್ತೆ 4,924 ಗಜ, 35 ಟಚ್‌ಡೌನ್, 7 ಇಂಟರ್‌ಸೆಪ್ಷನ್. ಕಲಿಸಿದವರು ಹೋದರೂ ಕಲಿತ ಕಾಲು ಅವನದೇ ಆಗಿತ್ತು.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಫ್ಲ್ಯಾಗ್ ಫುಟ್‌ಬಾಲ್ (ಕೆಡವುವ ಬದಲು ಸೊಂಟದ ಪಟ್ಟಿ ಕೀಳುವ ಇದೇ ಆಟದ ರೂಪ) ಸೇರಿದೆ, ಒಂದು ಕಡೆ ಐವರಷ್ಟೇ. ಕಲಬುರಗಿಯ ಎನ್.ವಿ. ಮೈದಾನದ ಒಂದು ಮೂಲೆಯಲ್ಲೂ ಬೂಟ್‌ಲೆಗ್ ಅಭ್ಯಾಸ ಮಾಡಬಹುದು. ಮೊದಲು ಚೆಂಡು ಬೇಡ. ಜೊತೆಗಾರ 15 ಗಜ ದೂರ ನಿಲ್ಲಲಿ. ನೀವು ಅವನಿಗೆ ಬೆನ್ನು ಹಾಕಿ, ಕೈ ಚಾಚಿ, ಮೂರು ಹೆಜ್ಜೆ ಅಡ್ಡ ಹೋಗಿ ಹೊರಳಿ. ನೀವು ತಿರುಗುವ ಕ್ಷಣಕ್ಕೆ ಅವನು ಒಂದೋ ಎರಡೋ ಮೂರೋ ಬೆರಳು ಎತ್ತಲಿ; ಕಾಲು ಊರುವ ಮೊದಲೇ ಎಷ್ಟೆಂದು ಕೂಗಿ ಹೇಳಬೇಕು. ಕಾಲೂರಿದ ಮೇಲೆ ಹೇಳಿದರೆ ಅದು ತಪ್ಪಿನ ಲೆಕ್ಕಕ್ಕೆ. ಆಮೇಲೆ ಏಳು ಗಜದಾಚೆಯಿಂದ ಒಬ್ಬನನ್ನು ಮೇಲೆ ನುಗ್ಗಿಸಿ, ಯಾಕೆಂದರೆ ಆ ಆಟದಲ್ಲಿ ನುಗ್ಗುವವನು ಹೊರಡುವುದು ಅಷ್ಟು ದೂರದಿಂದ. ಹತ್ತರಲ್ಲಿ ಎಂಟು ಸಲ ಬೆರಳಿನ ಲೆಕ್ಕ ಸರಿಬಂದ ಮೇಲೆ ಚೆಂಡು ಕೈಗೆ ತಗೊಳ್ಳಿ.