ಮಾಡ್ಯೂಲ್ ಸಣ್ಣದಿದ್ದರೆ ಸಾಕಾ? ಪಂಪ್‌ಸೆಟ್ ಕಂಟ್ರೋಲರ್‌ಗೆ 4ಜಿ ಮೋಡೆಮ್ ಹುಡುಕಿದ ಕಥೆ

ನಾನು ಕೆಲಸ ಮಾಡುವ ಕಡೆ ಬೋರ್‌ವೆಲ್ ಮೋಟರ್‌ಗಳಿಗೆ ಮೊಬೈಲ್ ಕಂಟ್ರೋಲರ್ ತಯಾರಾಗುತ್ತದೆ. ಸ್ಟಾರ್ಟರ್ ಡಬ್ಬದೊಳಗೆ ಕೂರುವ ಬೋರ್ಡು ಅದು. ಮನೆಯಲ್ಲಿದ್ದುಕೊಂಡೇ ಮೋಟರ್ ಆನ್ ಮಾಡಬಹುದು, ಆಫ್ ಮಾಡಬಹುದು. ತ್ರೀ ಫೇಸ್ ಕರೆಂಟ್ ಬಂತಾ, ಬೋರ್‌ನಲ್ಲಿ ನೀರಿಲ್ಲದೆ ಮೋಟರ್ ಸುಮ್ನೆ ತಿರುಗುತ್ತಿದೆಯಾ ಅಂತಲೂ ಗೊತ್ತಾಗುತ್ತದೆ. ಹಳೆಯ ಬೋರ್ಡಿನಲ್ಲಿ 2ಜಿ ಮೋಡೆಮ್ ಇತ್ತು. ಬೋರ್ಡನ್ನು ಮೊಬೈಲ್ ಜಾಲಕ್ಕೆ ಸೇರಿಸುವ ಭಾಗ ಅದು, ಮಾಡ್ಯೂಲ್ ಅಂತ ಸಣ್ಣ ಬಿಲ್ಲೆಯಾಗಿ ಸಿಗುತ್ತದೆ. ಅದನ್ನು 4ಜಿಗೆ ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಮೀಟಿಂಗ್‌ನಲ್ಲಿ ಡಬ್ಬ ಡಿಸೈನ್ ಮಾಡುವವರು ಕೇಳಿದ್ದು, ಎಷ್ಟು ಚಿಕ್ಕದು ಸಿಗುತ್ತದೆ ಅಂತ. ಪರ್ಚೇಸ್‌ನವರು ಕೇಳಿದ್ದು, ಎಷ್ಟಕ್ಕೆ ಸಿಗುತ್ತದೆ ಅಂತ. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಹುಡುಕಾಟ ಅಲ್ಲಿಂದ ಶುರುವಾಗಬಾರದು ಅನ್ನುವುದು ನನ್ನ ಅಭಿಪ್ರಾಯ. ಬೋರ್ಡು ಎಲ್ಲಿ ಕೂರುತ್ತದೆ, ಬಳಸುವವರು ಅದಕ್ಕೆ ಹೇಗೆ ಹೇಳುತ್ತಾರೆ, ಆ ಹೊಲದಲ್ಲಿ ಯಾವ ನೆಟ್‌ವರ್ಕ್ ಇದೆ, ಇವು ಮೂರು ಗೊತ್ತಾದರೆ ಪಟ್ಟಿಯ ಮುಕ್ಕಾಲು ಪಾಲು ತಾನಾಗಿಯೇ ಖಾಲಿಯಾಗುತ್ತದೆ.

ಚಿಕ್ಕದೇ ಬೇಕು ಅಂದರೆ ಬೇಕಾದಷ್ಟಿವೆ. ನಾರ್ಡಿಕ್‌ನ ಎನ್‌ಆರ್‌ಎಫ್9160 ಬರೀ 10 × 16 ಮಿಲಿಮೀಟರ್. ಪ್ರೊಸೆಸರ್ ಕೂಡ ಒಳಗೇ ಇದೆ. ಯು-ಬ್ಲಾಕ್ಸ್‌ನ ಸಾರಾ ಮಾಡ್ಯೂಲ್‌ಗಳು 16 × 26. ನೋಡಿದರೆ ಆಸೆಯಾಗುತ್ತದೆ. ಆದರೆ ಎನ್‌ಆರ್‌ಎಫ್9160 ಮಾತಾಡುವುದು ಎಲ್‌ಟಿಇ-ಎಂ ಮತ್ತು ಎನ್‌ಬಿ-ಐಒಟಿ ಅನ್ನುವ, ಯಂತ್ರಗಳಿಗೆಂದೇ ಮಾಡಿದ ಕಡಿಮೆ ವೇಗದ ಜಾಲಗಳ ಜೊತೆ ಮಾತ್ರ. ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯಬೇಕಾದ ನೀರಿನ ಮೀಟರ್‌ಗೆ ಅದು ಹೇಳಿ ಮಾಡಿಸಿದ್ದು, ಆ ಜಾಲ ಅಲ್ಲಿ ಇದ್ದರೆ. ನಮ್ಮ ಹೊಲದ ಕಥೆ ಬೇರೆ. ಅಲ್ಲಿರುವುದು ಫೋನ್‌ಗಳಿಗೆ ಸಿಗುವ ಮಾಮೂಲಿ 4ಜಿ, ಕೆಲವು ಕಡೆ ಹಳೆಯ 2ಜಿ. 4ಜಿ ಸಾಧನಗಳನ್ನು ವೇಗದ ಪ್ರಕಾರ ‘ಕ್ಯಾಟ್’ ಅಂತ ವರ್ಗ ಮಾಡಿರುತ್ತಾರೆ. ನಾವು ನೋಡಬೇಕಿದ್ದದ್ದು ಕ್ಯಾಟ್ 1 ವರ್ಗ. ಅದರ ವೇಗ ಹೆಚ್ಚೆಂದರೆ 10 ಎಂಬಿಪಿಎಸ್. ಮೋಟರ್ ಆನ್ ಆಯಿತು ಅಂತ ತಿಳಿಸಲು ನೂರಿನ್ನೂರು ಬೈಟ್ ಸಾಕು. 150 ಎಂಬಿಪಿಎಸ್‌ನ ಕ್ಯಾಟ್ 4 ಹಾಕಿ ಯಾರಿಗೆ ಏನು ತೋರಿಸಬೇಕು? ಕ್ಯಾಟ್ 1ರಲ್ಲೇ ‘ಬಿಸ್’ ಅಂತ ಒಂದು ಬಗೆ ಇದೆ, ಅದಕ್ಕೆ ಒಂದೇ ಆ್ಯಂಟೆನಾ ಸಾಕು. ಮೊದಲಿನ ಕ್ಯಾಟ್ 1ಕ್ಕೆ ಸಿಗ್ನಲ್ ಹಿಡಿಯಲು ಎರಡು ಬೇಕು. ಕ್ವೆಕ್ಟೆಲ್‌ನ ಇಸಿ200ಯು, ಸಿಮ್‌ಕಾಮ್‌ನ ಎ7670 ಸರಣಿ ನಮ್ಮ ಪಟ್ಟಿಗೆ ಬಂದದ್ದು ಹೀಗೆ.

ಇಲ್ಲಿಂದ ಮುಂದಿನದು ಡೇಟಾಶೀಟ್‌ನಲ್ಲಿ, ಅಂದರೆ ಕಂಪನಿ ಕೊಡುವ ವಿವರ ಪತ್ರದಲ್ಲಿ, ದಪ್ಪಕ್ಷರದಲ್ಲಿ ಇರುವುದಿಲ್ಲ. ಶಿರಾ ಕಡೆಯ ಒಬ್ಬ ರೈತರಿಗೆ ನಮ್ಮ ಆ್ಯಪ್ ತೋರಿಸಿ, ಹೇಗಿದೆ ಅಣ್ಣ ಅಂತ ಕೇಳಿದ್ದೆ. ‘ಆ್ಯಪೆಲ್ಲ ಬ್ಯಾಡ ಸಾರ್. ಮಿಸ್ ಕಾಲ್ ಕೊಟ್ರೆ ಮೋಟ್ರು ಆನ್ ಆಗ್ಬೇಕು, ಅಷ್ಟೇ’ ಅಂದರು. ಅವರಿಗೆ ಅದು ಅಭ್ಯಾಸವಾಗಿದೆ. ಖರ್ಚಿಲ್ಲ, ಕೀಪ್ಯಾಡ್ ಫೋನ್ ಸಾಕು, ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು. ಆ ಒಂದು ಮಾತು ನಮ್ಮ ಪಟ್ಟಿಯನ್ನು ಅರ್ಧ ಮಾಡಿತು.

ಯಾಕೆ ಅಂದರೆ, 4ಜಿ ಜಾಲದಲ್ಲಿ ಕರೆ ಹೋಗುವುದು ವೋಲ್ಟಿ ಮೂಲಕ, ಅಂದರೆ ಮಾತು ಕೂಡ ಡೇಟಾ ತರಹವೇ ಹೋಗುತ್ತದೆ. ಮಾಡ್ಯೂಲ್‌ನಲ್ಲಿ ವೋಲ್ಟಿ ಇಲ್ಲದಿದ್ದರೆ ಜಾಲ ಅದನ್ನು ಕರೆಗಾಗಿ 2ಜಿಗೆ ಇಳಿಸುತ್ತದೆ. 2ಜಿ ಇಟ್ಟುಕೊಂಡಿರುವ ಕಂಪನಿಯ ಸಿಮ್ ಆದರೆ ಸರಿ. 2016ರಲ್ಲಿ ಶುರುವಾದ ಜಿಯೋಗೆ 2ಜಿ ಇಲ್ಲವೇ ಇಲ್ಲ, ಇಳಿಯಲು ಜಾಗವೇ ಇಲ್ಲ. ಮಾಡ್ಯೂಲ್ ಇಂಟರ್‌ನೆಟ್‌ಗೆ ಚೆನ್ನಾಗಿಯೇ ಸೇರಿಕೊಂಡಿರುತ್ತದೆ, ಸರ್ವರ್‌ಗೆ ಡೇಟಾ ಹೋಗುತ್ತಿರುತ್ತದೆ, ಕರೆ ಮಾತ್ರ ಬರುವುದಿಲ್ಲ. ಇನ್ನೊಂದು ತಲೆನೋವು, ಒಂದೇ ಹೆಸರಿನ ಮಾಡ್ಯೂಲ್‌ನಲ್ಲೂ ಡೇಟಾ ಮಾತ್ರ ಇರುವ ಮಾದರಿ ಬೇರೆ, ವಾಯ್ಸ್ ಇರುವ ಮಾದರಿ ಬೇರೆ. ವ್ಯತ್ಯಾಸ ಕಾಣುವುದು ಪಾರ್ಟ್ ನಂಬರಿನ ಕೊನೆಯ ಒಂದೆರಡು ಅಕ್ಷರಗಳಲ್ಲಿ. ಕೊಟೇಶನ್‌ನಲ್ಲಿ ಆ ಬಾಲ ಬಿಟ್ಟುಹೋದರೆ ಕಡಿಮೆ ಬೆಲೆಯದ್ದು ಬಂದು ಬೀಳುತ್ತದೆ. ಪೂರ್ತಿ ಪಾರ್ಟ್ ನಂಬರ್ ಇಲ್ಲದ ಕೊಟೇಶನ್ ನಾನೀಗ ಮುಟ್ಟುವುದಿಲ್ಲ.

ಸಿಮ್ ಬಗ್ಗೆಯೂ ಇದೇ ಹೊತ್ತಿಗೆ ತೀರ್ಮಾನ ಆಗಬೇಕು. ಯಂತ್ರಗಳಿಗೆಂದೇ ಕೊಡುವ ಎಂ2ಎಂ ಸಿಮ್‌ಗೆ 13 ಅಂಕಿಯ ನಂಬರ್, ಕರೆ ಮತ್ತು ಎಸ್ಸೆಮ್ಮೆಸ್ ಮೊದಲೇ ಗೊತ್ತುಮಾಡಿದ ನಂಬರ್‌ಗಳ ಜೊತೆ ಮಾತ್ರ. ಮನೆಮಂದಿಯೆಲ್ಲ ಮಿಸ್ ಕಾಲ್ ಕೊಡುವ ಪದ್ಧತಿಗೆ ಅದು ಹೊಂದುವುದಿಲ್ಲ. ಹಾಗಾಗಿ ಬೋರ್ಡಿಗೆ ಅಂಟುವ ಇ-ಸಿಮ್ ಬಿಟ್ಟು ಮಾಮೂಲಿ ಸಿಮ್ ಹೋಲ್ಡರ್ ಉಳಿಸಿಕೊಂಡೆವು. ಯಾವ ಕಂಪನಿಗೆ ಹೊಲದಲ್ಲಿ ಸಿಗ್ನಲ್ ಇದೆಯೋ ಆ ಸಿಮ್ ಅವರೇ ಹಾಕಿಕೊಳ್ಳುತ್ತಾರೆ.

ಬ್ಯಾಂಡ್, ಅಂದರೆ ಜಾಲ ಬಳಸುವ ಫ್ರೀಕ್ವೆನ್ಸಿ ಪಟ್ಟಿ, ಅದರ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ದೇಶದಲ್ಲಿ 4ಜಿಗೆ ಬ್ಯಾಂಡ್ 1, 3, 5, 8, 40, 41 ಮುಖ್ಯ, ಬಿಎಸ್‌ಎನ್‌ಎಲ್ ಬೇಕಿದ್ದರೆ 28 ಕೂಡ. ಹಳ್ಳಿಯಲ್ಲಿ ದೂರ ತಲುಪುವುದು ಕಡಿಮೆ ಫ್ರೀಕ್ವೆನ್ಸಿಯ 5, 8, 28. ಇವು ಇಲ್ಲದ ಮಾಡ್ಯೂಲ್ ಆಫೀಸಿನಲ್ಲಿ ಚೆನ್ನಾಗಿ ಓಡಿ, ಹೊಲದಲ್ಲಿ ಕೈಕೊಡುತ್ತದೆ. ಸಿಮ್7600ಎ ತರಹದ ಅಮೆರಿಕದ ಮಾದರಿಗಳು 2, 4, 12ನೇ ಬ್ಯಾಂಡ್‌ನವು. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಇಲ್ಲಿ ಅವುಗಳ 4ಜಿ ಉಪಯೋಗಕ್ಕಿಲ್ಲ.

ಹೆಚ್ಚು ಹೊತ್ತು ತಿಂದದ್ದು ಪವರ್ ಸಪ್ಲೈ. ಮೋಡೆಮ್ ಯಾವಾಗಲೂ ಒಂದೇ ಸಮ ಕರೆಂಟ್ ಎಳೆಯುವುದಿಲ್ಲ. 2ಜಿಯಲ್ಲಿ ಪ್ರತಿ 4.6 ಮಿಲಿಸೆಕೆಂಡಿಗೆ ಒಮ್ಮೆ, ಅರ್ಧ ಮಿಲಿಸೆಕೆಂಡಿಗಿಂತ ಚೂರು ಜಾಸ್ತಿ ಹೊತ್ತು, 2 ಆಂಪಿಯರ್‌ವರೆಗೆ ಎಳೆಯುತ್ತದೆ. ಹಿಂದೆ ಫೋನ್ ರಿಂಗ್ ಆಗುವ ಮೊದಲು ರೇಡಿಯೋದಲ್ಲಿ ಡರ್ ಡರ್ ಅಂತ ಬರುತ್ತಿತ್ತಲ್ವಾ, ಅದೇ ಇದು. ಲೆಕ್ಕ ಹಾಕಿ ನೋಡಿ. ಸಪ್ಲೈ 3.8 ವೋಲ್ಟ್. ದಾರಿಯಲ್ಲಿರುವ ಟ್ರ್ಯಾಕ್, ಕನೆಕ್ಟರ್, ವೈರ್ ಎಲ್ಲ ಸೇರಿ 0.2 ಓಮ್ ರೆಸಿಸ್ಟೆನ್ಸ್ ಇದ್ದರೂ 2 ಆಂಪಿಯರ್‌ಗೆ 0.4 ವೋಲ್ಟ್ ಬೀಳುತ್ತದೆ. ಉಳಿದದ್ದು 3.4, ಅಂದರೆ ಇಂಥ ಹಲವು ಮಾಡ್ಯೂಲ್‌ಗಳು ತಡೆಯುವ ಕೊನೆಯ ಮೆಟ್ಟಿಲು. ಅದಕ್ಕಿಂತ ಕೆಳಗಿಳಿದರೆ ಮಾಡ್ಯೂಲ್ ತಾನಾಗಿ ರೀಸೆಟ್. ಮಲ್ಟಿಮೀಟರ್ ಇಟ್ಟರೆ 3.8 ಅಂತಲೇ ತೋರಿಸುತ್ತದೆ, ಏಕೆಂದರೆ ಆ ಬೀಳುವಿಕೆ ಅದರ ಕಣ್ಣಿಗೆ ಬೀಳುವಷ್ಟು ಹೊತ್ತು ಇರುವುದಿಲ್ಲ. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸ್ಕೋಪ್ ಹಾಕಿ, ಪ್ರೋಬ್ ಅನ್ನು ಮಾಡ್ಯೂಲ್‌ನ ಪಿನ್ ಮೇಲೇ ಇಟ್ಟಾಗ ಬಾಚಣಿಗೆ ಹಲ್ಲಿನ ತರಹ ಕೆಳಮುಖದ ಗೀಟುಗಳು ಕಾಣುತ್ತವೆ.

ಬೆಂಗಳೂರಿನ ಎಸ್.ಪಿ. ರೋಡಿನಿಂದ 2ಜಿಯ ಸಿಮ್800ಎಲ್ ಬೋರ್ಡ್ ತಂದು, ಸಣ್ಣ ಅಡಾಪ್ಟರ್‌ಗೆ ಸಿಕ್ಕಿಸಿ, ನೆಟ್‌ವರ್ಕೇ ಹಿಡಿಯಲ್ಲ ಅನ್ನುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ.

4ಜಿಯಲ್ಲಿ ಈ ಕಾಟ ಕಡಿಮೆ. ಮಾಡ್ಯೂಲ್ ಹೊರಗೆ ಬಿಡುವ ಶಕ್ತಿ ಸುಮಾರು 200 ಮಿಲಿವ್ಯಾಟ್, 2ಜಿಯಲ್ಲಿ 900 ಮೆಗಾಹರ್ಟ್ಸ್‌ನಲ್ಲಿ 2 ವ್ಯಾಟ್. ಆದರೆ 2ಜಿಗೂ ಇಳಿಯಬಲ್ಲ ಮಾಡ್ಯೂಲ್ ಆರಿಸಿದರೆ ಸಪ್ಲೈ 2ಜಿ ಲೆಕ್ಕದಲ್ಲೇ ಮಾಡಬೇಕು. ನಮಗೆ 2ಜಿ ಬೇಕಿತ್ತು. ಹಾಗಾಗಿ ಮಾಡ್ಯೂಲ್ ಪಕ್ಕದಲ್ಲೇ ಕಡಿಮೆ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್) ಇರುವ ದೊಡ್ಡ ಕೆಪಾಸಿಟರ್, ಅಗಲ ಟ್ರ್ಯಾಕ್, ವೋಲ್ಟೇಜ್ ಇಳಿಸಿಕೊಡುವ, 2 ಆಂಪಿಯರ್‌ಗಿಂತ ಜಾಸ್ತಿ ತಾಳುವ ಬಕ್ ಕನ್ವರ್ಟರ್ ಬಂತು. ಜೊತೆಗೆ ಲೆವೆಲ್ ಶಿಫ್ಟರ್, ಯಾಕೆಂದರೆ ಈ ಮಾಡ್ಯೂಲ್‌ಗಳ ಸೀರಿಯಲ್ ಪಿನ್ 1.8 ವೋಲ್ಟ್, ನಮ್ಮ ಮೈಕ್ರೋಕಂಟ್ರೋಲರ್ 3.3. ಸಿಮ್ ಹೋಲ್ಡರ್, ಮುಟ್ಟಿದಾಗ ಹಾರುವ ಸ್ಟ್ಯಾಟಿಕ್ ಕಿಡಿಯಿಂದ ಅದಕ್ಕೆ ಇಎಸ್‌ಡಿ ರಕ್ಷಣೆ, ಆ್ಯಂಟೆನಾ ಕನೆಕ್ಟರ್. ಎಲ್ಲ ಜೋಡಿಸಿ ನೋಡಿದರೆ 24 × 24 ಮಿಲಿಮೀಟರ್‌ನ ಮಾಡ್ಯೂಲ್‌ಗಿಂತ ಅದರ ಪರಿವಾರವೇ ಬೋರ್ಡಿನಲ್ಲಿ ಜಾಸ್ತಿ ಜಾಗ ಹಿಡಿದಿತ್ತು. ಮಾಡ್ಯೂಲ್ 4 ಮಿಲಿಮೀಟರ್ ಚಿಕ್ಕದಾಗಿದ್ದರೂ ಬೋರ್ಡಿನ ಅಳತೆ ಬದಲಾಗುತ್ತಿರಲಿಲ್ಲ.

ಆ್ಯಂಟೆನಾ ಬೋರ್ಡಿನ ಮೇಲೆ ಇಡೋಣ ಅನ್ನುವ ಮಾತೂ ಬಂತು. ಸ್ಟಾರ್ಟರ್ ಡಬ್ಬ ತಗಡಿನದು, ಒಳಗಿಟ್ಟರೆ ಸಿಗ್ನಲ್ ಹೊರಗೆ ಹೋಗುವುದಾದರೂ ಹೇಗೆ? 900 ಮೆಗಾಹರ್ಟ್ಸ್‌ನ ಕಾಲು ತರಂಗವೇ 8 ಸೆಂಟಿಮೀಟರ್ ಚಿಲ್ಲರೆ. ವೈರ್ ಎಳೆದು ಡಬ್ಬದ ಹೊರಗೆ ಆ್ಯಂಟೆನಾ ಇಟ್ಟೆವು. ಚರ್ಚೆ ಅಲ್ಲಿಗೆ ಮುಗಿಯಿತು.

ಕೊನೆಗೆ ಆಯ್ಕೆ ನಡೆದದ್ದು ಆಫೀಸಿನಲ್ಲಲ್ಲ, ಪಂಪ್‌ಹೌಸ್‌ನಲ್ಲಿ. ಉಳಿದಿದ್ದ ಮಾಡ್ಯೂಲ್‌ಗಳ ಇವ್ಯಾಲ್ಯುಯೇಶನ್ ಬೋರ್ಡ್‌ಗಳನ್ನು (ಪರೀಕ್ಷೆಗೆಂದೇ ಸಿಗುವ ಬೋರ್ಡ್‌ಗಳು) ಒಂದೇ ಆ್ಯಂಟೆನಾಗೆ ಬದಲಾಯಿಸುತ್ತಾ, ಬೇರೆ ಬೇರೆ ಸಿಮ್ ಹಾಕುತ್ತಾ ನೋಡಿದೆವು. ಮೋಡೆಮ್‌ಗೆ ಕೊಡುವ ಆಜ್ಞೆಗಳು ಎಟಿ ಅಂತ ಶುರುವಾಗುತ್ತವೆ, ಸಿಗ್ನಲ್ ಅಂಕಿಗೆ ಎಟಿ+ಸಿಎಸ್‌ಕ್ಯೂ. 10 ಬಂದರೆ ಸಿಗ್ನಲ್ ಬಲ ಮೈನಸ್ 93 ಡಿಬಿಎಂ, 99 ಬಂದರೆ ಏನೂ ಸಿಕ್ಕಿಲ್ಲ ಅಂತ. ಎಟಿ+ಸಿಇರೆಗ್ ಕೇಳಿದಾಗ ಸ್ಟೇಟಸ್ 1 ಅಥವಾ 5 ಬಂದರೆ ಜಾಲ ಸೇರಿದೆ, 2 ಬಂದರೆ ಹುಡುಕುತ್ತಿದೆ, 3 ಬಂದರೆ ಜಾಲವೇ ಬೇಡ ಅಂದಿದೆ. ಆಮೇಲೆ ಪ್ರತಿ ಸಿಮ್‌ಗೂ ನಿಜವಾದ ಮಿಸ್ ಕಾಲ್, ಅದೂ ಮೋಟರ್ ಓಡುತ್ತಿರುವಾಗ. ಇದೆಲ್ಲ ದಾಟಿ ಬಂದದ್ದು 2ಜಿ ಮತ್ತು ವೋಲ್ಟಿ ಎರಡೂ ಇದ್ದ ಕ್ಯಾಟ್ 1 ಬಿಸ್ ಮಾದರಿ, ಪಟ್ಟಿಯಲ್ಲಿ ಅದು ಅತಿ ಚಿಕ್ಕದೂ ಅಲ್ಲ, ಅತಿ ಅಗ್ಗದ್ದೂ ಅಲ್ಲ.

ಬೋರ್ಡಿನೊಳಗಿನ ಪ್ರೋಗ್ರಾಂ ಬರೆಯುವ ಫರ್ಮ್‌ವೇರ್‌ನವರಿಗೆ ಒಂದು ಕೆಲಸ ಉಳಿದಿತ್ತು. ತ್ರೀ ಫೇಸ್ ಬಂದ ತಕ್ಷಣ ಆ ಫೀಡರ್‌ನ, ಅಂದರೆ ಒಂದೇ ವಿದ್ಯುತ್ ಲೈನಿನ, ಎಲ್ಲ ಕಂಟ್ರೋಲರ್‌ಗಳೂ ಒಟ್ಟಿಗೆ ಎದ್ದು ಒಂದೇ ಟವರ್‌ಗೆ ಮುಗಿಬೀಳುತ್ತವೆ. ಪ್ರತಿ ಬೋರ್ಡೂ ತನ್ನ ಮೋಡೆಮ್‌ಗೆ ಮಾತ್ರ ಇರುವ ಗುರುತಿನ ನಂಬರ್ ಐಎಂಇಐ ಲೆಕ್ಕದಲ್ಲಿ ಬೇರೆ ಬೇರೆ ಹೊತ್ತು ಕಾದು, ಆಮೇಲೆ ಮೋಡೆಮ್ ಆನ್ ಮಾಡುವ ಹಾಗೆ ಅವರು ಬರೆದುಕೊಟ್ಟರು.