ಡಿಗ್ರಿ ಹುಡುಗರು ಅದೇನು ರಿಸರ್ಚ್ ಮಾಡ್ತಾರೆ?

ಪುಣೆಯಲ್ಲಿ ಕನ್ನಡದವರು ಸೇರಿದ ಕಡೆಯೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ. ಕನ್ನಡ ಸಂಘದ ಕಾರ್ಯಕ್ರಮ ಇರಲಿ, ಯಾರದೋ ಮನೆಯ ಗೃಹಪ್ರವೇಶ ಇರಲಿ. "ಅಲ್ರೀ ಮೇಡಂ, ಡಿಗ್ರಿ ಹುಡುಗ್ರು ಅದೇನ್ ರಿಸರ್ಚ್ ಮಾಡ್ತಾರ್ರೀ? ಕಡೀಕ ನೀವ ಬರ್ದು ಕೊಡ್ತೀರೇನು?" ಕೇಳುವವರು ಹೆಚ್ಚಾಗಿ ಹನ್ನೆರಡನೇ ಕ್ಲಾಸ್ ಮುಗಿಸಿದ ಮಕ್ಕಳ ಅಪ್ಪ ಅಮ್ಮ. ನಾನು ಇಲ್ಲಿನ ಒಂದು ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮಲ್ಲಿ ಮೊದಲ ವರ್ಷದವರು ಅರ್ಥಶಾಸ್ತ್ರ, ಮನಃಶಾಸ್ತ್ರ, ಸಾಹಿತ್ಯ, ಪರಿಸರ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದುತ್ತಾರೆ. ಆಮೇಲೆ ಒಂದನ್ನು ಗಟ್ಟಿಯಾಗಿ ಹಿಡಿಯುತ್ತಾರೆ.

ಇಲ್ಲ, ನಾವು ಬರೆದುಕೊಡುವುದಿಲ್ಲ. ಮಕ್ಕಳೇ ಮಾಡುತ್ತಾರೆ.

ಒಮ್ಮೆ ಮೂವರು ವಿದ್ಯಾರ್ಥಿನಿಯರು ಒಂದು ವಿಷಯ ಹಿಡಿದು ನನ್ನ ಹತ್ತಿರ ಬಂದರು. "ವಲಸೆ ಕಾರ್ಮಿಕರ ಸಮಸ್ಯೆಗಳು." ಇದು ಬರೀ ತಲೆಬರಹ, ಇದರಲ್ಲಿ ನಿಮ್ಮ ಪ್ರಶ್ನೆ ಯಾವುದು ಅಂತ ಕೇಳಿದೆ. ಉತ್ತರ ಇರಲಿಲ್ಲ. ಬೆಳಗ್ಗೆ ಏಳು ಗಂಟೆಗೆ ಮಜೂರ್ ಅಡ್ಡಾಕ್ಕೆ ಹೋಗಿ, ಒಂದು ವಾರ ಸುಮ್ನೆ ನಿಂತು ನೋಡಿ, ಯಾರನ್ನೂ ಏನೂ ಕೇಳಬೇಡಿ ಅಂತ ಕಳಿಸಿದೆ. ಕೂಲಿ ಕೆಲಸಕ್ಕೆ ಜನ ಬಂದು ನಿಲ್ಲುವ, ಗುತ್ತಿಗೆದಾರರು ಬಂದು ಕರೆದುಕೊಂಡು ಹೋಗುವ, ರಸ್ತೆಗಳು ಕೂಡುವ ಜಾಗ ಅದು. ಪುಣೆಯಲ್ಲಿ ಇಂಥವು ಹಲವು ಇವೆ.

ವಾರ ಕಳೆದು ಬಂದಾಗ ಆ ಹುಡುಗಿಯರ ಮುಖವೇ ಬೇರೆ ಇತ್ತು. ಅಲ್ಲಿ ನಿಂತಿದ್ದವರಲ್ಲಿ ಬಹಳ ಜನ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಗುಳೆ ಬಂದವರು. ಮೂವರಲ್ಲಿ ಒಬ್ಬಳ ಮನೆಮಾತು ಕನ್ನಡ. ಚಿಂಚವಾಡದಲ್ಲಿ ಬೆಳೆದವಳು, ಕನ್ನಡ ಓದಲು ಬರದು, ಮಾತು ಮಾತ್ರ ಬರುತ್ತದೆ. ಮರಾಠಿಯಲ್ಲಿ ಮಾಡಿಕೊಂಡಿದ್ದ ಪ್ರಶ್ನಾವಳಿಗೆ ಹೆಂಗಸರು ಹೌದು, ಇಲ್ಲ ಅನ್ನುವುದರ ಆಚೆಗೆ ಬಾಯಿ ಬಿಡಲಿಲ್ಲ. ಈ ಹುಡುಗಿ "ಯಾವೂರು ಅಕ್ಕಾ?" ಅಂದದ್ದೇ ತಡ, ಮಾತು ಶುರುವಾಯಿತು. ಕೂಲಿಗೆ ಜನ ಕರೆತರುವ ಮುಕಾದಮನ ಹತ್ತಿರ ಪಡೆದ ಮುಂಗಡ, ಊರಲ್ಲಿ ಅಜ್ಜಿ ಹತ್ತಿರ ಬಿಟ್ಟುಬಂದ ಮಗು, ಮಳೆ ಬಿದ್ದಮೇಲೆ ಬಿತ್ತನೆಗೆ ಹೋಗುವುದು, ತೊಗರಿ ರಾಶಿಗೆ ಮತ್ತೆ ಹೋಗುವುದು. ಜನ ಯಾಕೆ ಬರುತ್ತಾರೆ ಅಂತ ತಿಳಿಯಲು ಹೋದವರಿಗೆ, ಇವರು ಯಾವಾಗ ವಾಪಸ್ ಹೋಗುತ್ತಾರೆ, ಅದನ್ನು ಮನೆಯಲ್ಲಿ ಯಾರು ತೀರ್ಮಾನ ಮಾಡುತ್ತಾರೆ ಅನ್ನುವುದೇ ದೊಡ್ಡದಾಗಿ ಕಂಡಿತು. ಅವರಿಗೊಂದು ಪ್ರಶ್ನೆ ಸಿಕ್ಕಿದ್ದು ಆಗ.

ಇನ್ನೊಂದು ವಿಷಯವನ್ನೂ ಅವರೇ ಗಮನಿಸಿದರು. ಬೆಳಗ್ಗೆ ಅಡ್ಡಾದಲ್ಲಿ ಸಂದರ್ಶನ ಮಾಡುತ್ತಾ ಕೂತರೆ ಆ ಮನುಷ್ಯನ ಅವತ್ತಿನ ಕೂಲಿ ತಪ್ಪಬಹುದು. ಹಾಗಾಗಿ ಸಂಜೆ, ಅಡುಗೆ ಒಲೆ ಹೊತ್ತಿಸುವ ಹೊತ್ತಿಗೆ, ಅವರ ಶೆಡ್‌ಗಳಿಗೆ ಹೋಗಲು ಶುರುಮಾಡಿದರು. ಒಪ್ಪಿಗೆ ಕೇಳದೆ ರೆಕಾರ್ಡ್ ಮಾಡುವಂತಿಲ್ಲ, ಹೆಸರು ಬರೆಯುವಂತಿಲ್ಲ. ಇದು ಸಂಶೋಧನೆಯ ನೈತಿಕತೆ ನೋಡಿಕೊಳ್ಳುವ ಸಮಿತಿಯ ನಿಯಮ. ಆದರೆ ಕೂಲಿಯ ಹೊತ್ತನ್ನು ಕದಿಯಬಾರದು ಅನ್ನುವುದು ಯಾವ ಫಾರ್ಮ್‌ನಲ್ಲೂ ಇರಲಿಲ್ಲ. ನನಗೆ ಆ ಮಕ್ಕಳ ಮೇಲೆ ಜಾಸ್ತಿ ಅಭಿಮಾನ ಹುಟ್ಟಿದ್ದು ಇದಕ್ಕೆ.

ಆಮೇಲೆ ಕಾನೂನು ಓದಿದರು. ಕಟ್ಟಡ ಕಾರ್ಮಿಕರಿಗಾಗಿ ಆಗ 1996ರ ಕಾಯ್ದೆ ಇತ್ತು. ಕಾರ್ಮಿಕರಿಗೆ ನೆರವು ಕೊಡುವ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು ಅಂತ ಅದರಲ್ಲಿತ್ತು. ದಿನಕ್ಕೊಬ್ಬ ಮಾಲೀಕನ ಕೈಕೆಳಗೆ ದುಡಿಯುವ ಹೆಂಗಸಿಗೆ ಆ 90 ದಿನದ ಕಾಗದಕ್ಕೆ ಸಹಿ ಹಾಕುವವರು ಯಾರು? ಹತ್ತೊಂಬತ್ತು ವಯಸ್ಸಿನವರು ಈ ಪ್ರಶ್ನೆಯವರೆಗೆ ತಾವೇ ನಡೆದು ಬಂದರಲ್ಲ, ಇದನ್ನೇ ನಾನು ರಿಸರ್ಚ್ ಅನ್ನುವುದು.

ಹಾಗಾದರೆ ಗೈಡ್ ಕೆಲಸವೇನು? ವಾರಕ್ಕೊಮ್ಮೆ ಕೂತು ಕೇಳುವುದು. ಇದನ್ನು ಹೇಳಿದ್ದು ಯಾರು? ಎಷ್ಟು ಜನ ಹೇಳಿದರು? ನೀವು ಮಾತಾಡಿಸದೆ ಬಿಟ್ಟವರು ಯಾರು? ನೋಡಿದ್ದನ್ನು ಅವತ್ತು ರಾತ್ರಿಯೇ ಬರೆದಿಡಿ ಅಂತ ಹಟ ಹಿಡಿಯುವುದು. ಕರಡು ಓದಿ, ತಿದ್ದಿ, ಮತ್ತೆ ಬರೆಸುವುದು. ಈಗ ಚಾಟ್‌ಜಿಪಿಟಿ ಬರೆದುಕೊಡುತ್ತಲ್ಲ ಅಂತ ಕೆಲವರು ಕೇಳುತ್ತಾರೆ. ನಾನು ಕರಡಿನ ಜೊತೆ ಕ್ಷೇತ್ರಕಾರ್ಯದ ನೋಟ್‌ಬುಕ್ಕನ್ನೂ ಇಟ್ಟುಕೊಂಡು ಓದುತ್ತೇನೆ. ಶೆಡ್ಡಿನ ಒಲೆ ಮುಂದೆ ಕೂತು ಕೇಳಿದ ಮಾತು ಬೇರೆಲ್ಲೂ ಸಿಗುವುದಿಲ್ಲ.

ಮಕ್ಕಳು ನನ್ನ ಅಭಿಪ್ರಾಯವನ್ನು ಒಪ್ಪಲೇಬೇಕು ಅಂತೇನೂ ಇಲ್ಲ. ಈ ವಿಚಾರ ಬಂದಾಗ ಅವರಿಗೆ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಅವರ ಕತೆ ಹೇಳುತ್ತೇನೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು. 1920ರ ದಶಕದ ಕೊನೆಗೆ ಬರ್ಲಿನ್‌ಗೆ ಹೋಗಿ ಯೂಜೆನ್ ಫಿಷರ್ ಎಂಬ ಪ್ರೊಫೆಸರ್ ಹತ್ತಿರ ಪಿಎಚ್‌ಡಿಗೆ ಸೇರಿದರು. ತಲೆಬುರುಡೆಯ ಎಡಬಲದ ವ್ಯತ್ಯಾಸಕ್ಕೂ ಜನಾಂಗಕ್ಕೂ ಸಂಬಂಧ ಇದೆ ಅನ್ನುವುದು ಗುರುವಿನ ಊಹೆ. ಬಿಳಿಯರು ಮೇಲು ಅಂತ ತೋರಿಸಲು ಅದು ಬೇಕಿತ್ತು. ಕರ್ವೆ ಬುರುಡೆಗಳನ್ನು ಅಳೆದು, ಅಂಥ ಸಂಬಂಧ ಇಲ್ಲ ಅಂತ ಬರೆದರು. ಪರದೇಶದಲ್ಲಿ, ಅಂಥ ಕಾಲದಲ್ಲಿ, ಡಿಗ್ರಿ ಕೊಡಬೇಕಾದವರ ಮುಂದೆಯೇ. 1939ರಲ್ಲಿ ಇದೇ ಪುಣೆಯ ಡೆಕ್ಕನ್ ಕಾಲೇಜಿಗೆ ಸೇರಿ, ಊರೂರು ತಿರುಗಿ ಸಂಶೋಧನೆ ಮಾಡಿದರು. ಅಳತೆ ಏನು ಹೇಳುತ್ತದೋ ಅದನ್ನೇ ಬರೆಯುವ ವಿದ್ಯಾರ್ಥಿ ನನಗೆ ಸಿಕ್ಕರೆ ಅದಕ್ಕಿಂತ ಖುಷಿ ಇಲ್ಲ.

ಇನ್ನು ನಿಯಮ. ಹೊಸ ಶಿಕ್ಷಣ ನೀತಿ ಬಂದ ಮೇಲೆ ನಾಲ್ಕು ವರ್ಷದ ಡಿಗ್ರಿ ಬಂದಿದೆ. ಮೊದಲ ಆರು ಸೆಮಿಸ್ಟರ್‌ನಲ್ಲಿ 75 ಪರ್ಸೆಂಟ್ ಬಂದವರು ನಾಲ್ಕನೇ ವರ್ಷ ಒಬ್ಬ ಅಧ್ಯಾಪಕರ ಕೈಕೆಳಗೆ ಸಂಶೋಧನಾ ಪ್ರಬಂಧ ಬರೆಯಬಹುದು. ಆಮೇಲೆ ಎಂಎ ಮಾಡದೆ ನೇರ ಪಿಎಚ್‌ಡಿಗೂ ಅರ್ಜಿ ಹಾಕಬಹುದು. ಆದರೆ ನಾಲ್ಕನೇ ವರ್ಷದವರೆಗೆ ಕಾಯುವುದು ತಡವಾಯಿತು ಅಂತ ನನ್ನ ಅಭಿಪ್ರಾಯ. ಪುಣೆ ಹತ್ತಿರ ಲವಳೆಯ ಫ್ಲೇಮ್ ವಿಶ್ವವಿದ್ಯಾಲಯದಲ್ಲಿ 'ಡಿಸ್ಕವರ್ ಇಂಡಿಯಾ' ಅಂತ ಒಂದು ಕಾರ್ಯಕ್ರಮವಿದೆ. ಡಿಗ್ರಿ ಮಕ್ಕಳು ಗುಂಪು ಕಟ್ಟಿಕೊಂಡು, ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿ, ಒಂದು ವಿಷಯ ಹಿಡಿದು ಊರುಗಳಿಗೆ ಹೋಗಿ ಅಧ್ಯಯನ ಮಾಡುತ್ತಾರೆ. ಇದು ಎಲ್ಲ ಕಡೆ ಬರಬೇಕು.

ಫೀಸಿನ ಮಾತೂ ಬರುತ್ತದೆ. ಖಾಸಗಿ ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯಗಳ ಫೀಸು ಸಾಧಾರಣ ಸಂಬಳದ ಮನೆಗೆ ಭಾರ. ಸ್ಕಾಲರ್‌ಶಿಪ್ ಎಷ್ಟು, ಎಷ್ಟು ವರ್ಷಕ್ಕೆ ಅಂತ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಸಾಲ ಮಾಡಿಯೇ ಸೇರಿಸಬೇಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ಅನುದಾನಿತ ಕಾಲೇಜಿನಲ್ಲೂ ಪುರುಸೊತ್ತು ಮಾಡಿಕೊಂಡು ಕರಡು ತಿದ್ದುವ ಒಬ್ಬ ಮೇಷ್ಟ್ರು ಇದ್ದರೆ ಈ ಕೆಲಸವೆಲ್ಲ ಅಲ್ಲೂ ಆಗುತ್ತದೆ.

ಅಂಥ ಮೇಷ್ಟ್ರು ಇದ್ದಾರಾ ಅಂತ ತಿಳಿಯುವ ದಾರಿ ಸುಲಭ. ಕ್ಯಾಂಪಸ್ ನೋಡಲು ಹೋದಾಗ ಕಟ್ಟಡ, ಜಿಮ್ ತೋರಿಸುವವರನ್ನು ಬಿಟ್ಟು ಕ್ಯಾಂಟೀನಿಗೆ ಹೋಗಿ. ಎರಡನೇ ವರ್ಷದ ಒಬ್ಬರನ್ನು ಮಾತಾಡಿಸಿ. ನಿನ್ನ ಗೈಡ್ ಯಾರಪ್ಪಾ? ಅವರಿಗೆ ಎಷ್ಟು ಜನ ಮಕ್ಕಳು? ಕಡೇ ಸಲ ಯಾವಾಗ ಸಿಕ್ಕಿದ್ದರು? ನೀನು ಬರೆದದ್ದನ್ನು ಓದಿ ವಾಪಸ್ ಕೊಟ್ಟರಾ? ನಿಮ್ಮ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಈ ಪ್ರಶ್ನೆಗಳನ್ನು ಅವಳೇ ಕೇಳಲಿ.